ಕಬ್ಬಿಣದ ಅಕ್ಷತೆ

ಟಾರ್ಚಿನ ಬೆಳಕು ಯಂತ್ರದ ಹೊಟ್ಟೆಯೊಳಗೆ ಒಂದು ಕಡೆ ನಿಂತುಬಿಟ್ಟಿತು. ಅಲ್ಲಿಯವರೆಗೆ ಅದು ಪಟ್ಟಿಗಳ ಸಂದಿಯಲ್ಲಿ ಇಣುಕುತ್ತ, ಜರಡಿಗಳ ಮೇಲೆ ಹರಿದಾಡುತ್ತ ಸುಮ್ಮನೆ ಮುಂದೆ ಹೋಗುತ್ತಿತ್ತು. ನಿಂತದ್ದನ್ನು ಕಂಡು, ಊಟದ ಡಬ್ಬಿ ಹಿಡಿದು ಗೇಟಿನ ಹತ್ತಿರ ನಿಂತಿದ್ದ ಕೊಟ್ರಮ್ಮ ಒಂದು ಹೆಜ್ಜೆ ಮುಂದೆ ಬಂದಳು.

"ಅಂಜನಾ ಅವರೇ, ಒಂದು ಚಿಮಟ ಕೊಡ್ರಿ," ಎಂದು ವೇದವ್ಯಾಸರು ಒಳಗಿನಿಂದಲೇ ಕೈ ಚಾಚಿದರು.

ಅಂಜನಾ ಕೊಟ್ಟಳು. ಅವರು ಮೆಲ್ಲಗೆ ತೆವಳಿ ಹೊರಗೆ ಬಂದು, ಕನ್ನಡಕ ಸರಿಮಾಡಿಕೊಂಡು, ಅಂಗೈ ತೆರೆದು ತೋರಿಸಿದರು. ಅದರಲ್ಲಿದ್ದದ್ದು ಅರಿಶಿನ ಬಣ್ಣದ ಒಂದು ಅಕ್ಕಿಕಾಳು.

ಅದು ಭತ್ತ ಕೊಯ್ಯುವ ಚೈನ್ ಮಿಷಿನ್ನು. ಸಿರಿಗೇರಿಯ ರೈತರೊಬ್ಬರ ಕೈಯಲ್ಲಿ ಎಷ್ಟೋ ಸುಗ್ಗಿ ಕೆಸರಿನೊಳಗೆ ಓಡಾಡಿ ಹಳತಾಗಿತ್ತು. ಕೊಟ್ರಮ್ಮನ ಮಗಳು ಅಂಜನಾ ಅದನ್ನು ಕೊಂಡು, ಬಳ್ಳಾರಿ ಕೌಲ್ ಬಜಾರಿನ ತನ್ನ ಶೆಡ್ಡಿಗೆ ತಂದು, ಬಿಚ್ಚಿ, ಸವೆದದ್ದನ್ನೆಲ್ಲ ಬದಲಿಸಿ ಹೊಸ ಜೀವ ಕೊಟ್ಟಿದ್ದಳು. ಇನ್ನು ಅದು ಫಿಜಿ ದ್ವೀಪಕ್ಕೆ ಹೊರಡಬೇಕು. ಅವಳ ಶೆಡ್ಡಿನಿಂದ ಸಮುದ್ರ ದಾಟುವ ಮೊಟ್ಟಮೊದಲ ಯಂತ್ರ. ಬಳಸಿದ ಯಂತ್ರವನ್ನು ಆ ದೇಶದವರು ಒಳಗೆ ಬಿಟ್ಟುಕೊಳ್ಳಬೇಕಾದರೆ ಅದರಲ್ಲಿ ಮಣ್ಣಿನ ಹೆಂಟೆ, ಬೀಜ, ಹುಲ್ಲಿನ ಎಸಳು, ಹುಳದ ರೆಕ್ಕೆ ಯಾವುದೂ ಇರಕೂಡದು. ಹಡಗು ಹತ್ತುವ ಮೊದಲೇ ಇಲ್ಲಿಗೆ ಬಂದು ನೋಡಿ ಸೈ ಅನ್ನುವ ಕೆಲಸ ವೇದವ್ಯಾಸರದು.

"ನೆಲ್ಲು ಸಿಕ್ಕಿದ್ರ ಒಪ್ಪತಿದ್ದೆ ಸಾರ್," ಎಂದಳು ಅಂಜನಾ. ಅವಳ ಮುಖ ಸಣ್ಣದಾಗಿತ್ತು. "ಅಕ್ಕಿ ಹೆಂಗ ಬಂತು? ಅದೂ ಅರಿಶಿನ ಹಚ್ಚಿದ್ದು?"

ಕೊಟ್ರಮ್ಮ ಡಬ್ಬಿಯನ್ನು ನೆಲಕ್ಕಿಟ್ಟಳು. "ನಾ ಹಾಕಿದ್ದು," ಎಂದಳು. "ನಿನ್ನೆ ನೀ ಬೇರಿಂಗ್ ತರಾಕ ಸಿರುಗುಪ್ಪಕ್ಕ ಹೋಗಿದ್ಯಲ್ಲ, ಆಗ. ಅಷ್ಟು ದೂರ ಹೊಂಟೈತಿ, ಹಂಗ ಬರಿಗೈಲೆ ಹೆಂಗ ಕಳಸೋದು ಅಂತ... ಅಕ್ಷತಿ ಅದು, ಸಾರ್. ಹೊಲಸಲ್ಲ."

"ಅಕ್ಷತೆ ಅಂತ ನನಗೂ ಗೊತ್ತಮ್ಮಾ," ಎಂದರು ವೇದವ್ಯಾಸರು. ದನಿಯಲ್ಲಿ ಸಿಟ್ಟಿರಲಿಲ್ಲ. "ನಮ್ಮ ಮನೇಲೂ ಹಾಕ್ತಾರೆ. ಆದರೆ ಫಿಜಿಯವರಿಗೆ ಅದು ಅಕ್ಕಿ." ಕಾಳನ್ನು ಒಂದು ಸಣ್ಣ ಕಾಗದದ ಕವರಿಗೆ ಹಾಕಿ ಅಂಟಿಸಿದರು. "ಶುಕ್ರವಾರ ಮತ್ತೊಂದ್ಸಲ ಬರ್ತೀನಿ. ಆಗಲೂ ಏನಾದ್ರೂ ಸಿಕ್ಕಿದ್ರೆ ಈ ಹಡಗು ತಪ್ಪಿತು. ಅವರ ಸುಗ್ಗಿನೂ ತಪ್ಪಿತು. ಆಮೇಲೆ ಅವರು ನಿಮಗೆ ಕಾಯ್ತಾರೋ ಇಲ್ಲೋ ನಾನು ಹೇಳಲಾರೆ."

ಅವರ ಸ್ಕೂಟರು ಗಲ್ಲಿ ದಾಟಿದ ಮೇಲೂ ಅಂಜನಾ ಅವ್ವನನ್ನು ಬೈಯಲಿಲ್ಲ. ಬೈದಿದ್ದರೆ ಕೊಟ್ರಮ್ಮನಿಗೆ ಹಗುರಾಗುತ್ತಿತ್ತು. ಮಗಳು ಫೋನು ತೆಗೆದು, ಸ್ಪೀಕರಿಗೆ ಹಾಕಿ, ನೇರವಾಗಿ ಫಿಜಿಗೇ ಮಾಡಿದಳು. ಮುಚ್ಚಿಡುವುದು ಅವಳ ಸ್ವಭಾವದಲ್ಲೇ ಇರಲಿಲ್ಲ.

ಯಂತ್ರ ಕೊಂಡವನ ಹೆಸರು ಅಪ್ಪಲಸ್ವಾಮಿ. ಅವನ ಮುತ್ತಜ್ಜ ಯಾವುದೋ ಕಾಲಕ್ಕೆ ಕಬ್ಬಿನ ಕೂಲಿಗೆಂದು ಹಡಗು ಹತ್ತಿದವನು. ಮನೆಯಲ್ಲಿ ಉಳಿದುಕೊಂಡಿದ್ದ ಹಳೇ ತೆಲುಗಿನಲ್ಲಿ ಅವನು ಮಾತಾಡುತ್ತಿದ್ದ. ಬಳ್ಳಾರಿಯವರಿಗೆ ತೆಲುಗೇನು ಹೊಸದೇ? ಕೊಟ್ರಮ್ಮನಿಗೆ ಅವನ ಒಂದೊಂದು ಮಾತೂ ತಿಳಿಯಿತು. ತಮ್ಮ ದ್ವೀಪದ ಗದ್ದೆಗಳಲ್ಲಿ ಇಲ್ಲಿಯ ಕಳೆ ಇಲ್ಲ, ಇಲ್ಲಿಯ ಹುಳ ಇಲ್ಲ, ಒಮ್ಮೆ ಬಂದರೆ ಹೊರಗೆ ಹಾಕಲು ತಮಗೆ ದಾರಿಯೂ ಇಲ್ಲ ಎಂದ. ಕೊನೆಗೆ, "ಒಕ್ಕ ಗಿಂಜ ಚಾಲು, ಅಮ್ಮಾ," ಎಂದ. ಒಂದು ಕಾಳು ಸಾಕು.

ಕೊಟ್ರಮ್ಮನ ತವರು ಸಿರಿಗೇರಿ. ಒಂದು ವರ್ಷ ಯಾರದೋ ಗದ್ದೆ ಕೊಯ್ದು ಬಂದ ಮಿಷಿನ್ನು ತೊಳೆಯದೆ ಅವರ ಗದ್ದೆಗೂ ಇಳಿದಿತ್ತು. ಮುಂದಿನ ಬೆಳೆಯಲ್ಲಿ ಕೆಂಪಕ್ಕಿಯ ಕಾಡುಭತ್ತ ತಲೆ ಎತ್ತಿತು. ಕೊಯ್ಲಿಗೆ ಮೊದಲೇ ಕಾಳು ಉದುರಿಸುವ ಕಳ್ಳ ಪೈರು. ಅದನ್ನು ಕೀಳುತ್ತ ಕೀಳುತ್ತ ಅವಳ ಅವ್ವನ ಬೆನ್ನು ಬಾಗಿ ಹೋಯಿತು. ಇದೆಲ್ಲ ಗೊತ್ತಿದ್ದೂ ತಾನು ಹಿಡಿಗಟ್ಟಲೆ ಅಕ್ಕಿ ಎರಚಿದೆನಲ್ಲ ಎಂದು ಕೊಟ್ರಮ್ಮನಿಗೆ ನಾಚಿಕೆಯಾಯಿತು. ಡಬ್ಬಿಯ ಚೀಲ ಹೆಗಲಿಗೇರಿಸಿದಳು.

"ಎಲ್ಲಿಗೆ ಹೊಂಟಿ?" ಎಂದಳು ಅಂಜನಾ.

"ಕುರುಗೋಡು ಬಸ್ಸು ಐತಲ್ಲ ಈಗ. ಮನಿಗೆ ಹೋಗ್ತೀನಿ. ಇನ್ನ ಈ ಶೆಡ್ಡಿಗೆ ಬರಂಗಿಲ್ಲ ತಾಯಿ. ಊಟ ಬೇಕಂದ್ರ ಹೋಟ್ಲಾಗ ತಿನ್ನು."

"ಚಲೋ ಆತು. ಹಾಕೋದು ಹಾಕಿ ಬಸ್ ಹತ್ತು." ಅಂಜನಾ ಬಂದು ಚೀಲ ಕಸಿದುಕೊಂಡಳು. "ನೀ ಹೋದ್ರ ಎಲ್ಲೆಲ್ಲಿ ಒಗೆದೀ ಅಂತ ಹೇಳೋರು ಯಾರು? ಆ ಮಿಷಿನ್ನು ಹೇಳತೈತೇನು?"

ಅಲ್ಲಿಂದ ಕೆಲಸ ಶುರುವಾಯಿತು. ಪಕ್ಕದ ವೆಲ್ಡಿಂಗ್ ಅಂಗಡಿಯ ಫಕ್ರುಸಾಬ್ ತನ್ನ ಕೆಲಸ ಬಿಟ್ಟು ಬಂದ. ತಗಡುಗಳನ್ನು ಮತ್ತೆ ಬಿಚ್ಚಿದರು. ವ್ಯಾಕ್ಯೂಮಿನ ಮೂತಿಗೆ ಬಿಳೀ ಬಟ್ಟೆ ಕಟ್ಟಿ ಎಳೆದರೆ ಹಳದಿ ಕಾಳು ಒಂದೊಂದೇ ಬಟ್ಟೆಗೆ ಬಂದು ಅಂಟುತ್ತಿದ್ದವು. ಗಾಳಿ ಹೊಡೆದರೆ ಒಂದು ಮೂಲೆಯವು ಹಾರಿ ಇನ್ನೊಂದು ಮೂಲೆ ಸೇರುತ್ತಿದ್ದವು. ಸಂಜೆಯವರೆಗೆ ಹೆಕ್ಕಿದರೂ ಮುಗಿಯಿತು ಎಂದು ಹೇಳುವ ಧೈರ್ಯ ಯಾರಿಗೂ ಬರಲಿಲ್ಲ.

"ಅವ್ವಾ, ಎಲ್ಲಿ ನಿಂತು ಹಾಕಿದಿ?"

"ಇಲ್ಲೆ. ಆಮ್ಯಾಲೆ ಆ ಕಡಿ. ಸುತ್ತ ಹಾಕೀನಿ."

"ಎಲ್ಲಿ ಬಿತ್ತು ನೋಡಿಲ್ಲೇನು?"

"ಕಣ್ಣು ಮುಚ್ಚಿಕೊಂಡಿದ್ದೆ."

ಫಕ್ರುಸಾಬ್ ಬೀಡಿ ಆರಿಸಿ ನಕ್ಕ. "ಯಾ ಅಲ್ಲಾ! ದೇವ್ರಿಗೆ ಕೇಳ್ಬೇಕು ಅಂದಂಗಾತು. ಅವನು ಕಣ್ಣು ತೆರಕೊಂಡಿದ್ದ ನೋಡಮ್ಮಾ."

ಅಂಜನಾ ನಗಲಿಲ್ಲ. ಮೂಲೆಯ ಕಪಾಟಿನ ಕಡೆ ನೋಡುತ್ತಿದ್ದಳು. ಎದ್ದು ಹೋಗಿ ಒಂದು ಡಬ್ಬ ತಂದಳು. ಹಳೇ ಬೇರಿಂಗು ಒಡೆದಾಗ ಬಿದ್ದ ಉಕ್ಕಿನ ಗುಂಡುಗಳು, ಜೋಳದ ಕಾಳಿನಷ್ಟು ಸಣ್ಣವು, ಅದರಲ್ಲಿದ್ದವು. ನಿನ್ನೆ ಅಕ್ಷತೆ ಇಟ್ಟಿದ್ದ ಸ್ಟೀಲಿನ ಬಟ್ಟಲಿಗೆ ಅವನ್ನು ಕಂಠದ ಮಟ್ಟ ಸುರಿದು ಅವ್ವನ ಕೈಗೆ ಕೊಟ್ಟಳು.

"ಇನ್ನೊಮ್ಮೆ ಪೂಜಿ ಮಾಡು."

"ಹುಚ್ಚು ಹಿಡಿತೇನು ನಿನಗ?"

"ನಿನ್ನೆ ಹೆಂಗ ಮಾಡಿದ್ದೆ, ಹಂಗ ಮಾಡು. ಅಲ್ಲೇ ನಿಂತು, ಅದ ಕೈಲೆ. ಗುಂಡು ಎಲ್ಲಿ ಹೋಗಿ ಕುಂದರ್ತಾವು, ಅಕ್ಕಿನೂ ಅಲ್ಲೇ ಹೋಗಿರತೈತಿ. ಗುಂಡಾದ್ರ ಅಯಸ್ಕಾಂತ ಹಿಡಿದು ತಕ್ಕೋಬಹುದು. ಬಟ್ಟಲು ತುಂಬಿದ್ರ ಎಲ್ಲಾ ಬಂತು ಅಂತ."

ಬಿಚ್ಚಿದ ತಗಡುಗಳನ್ನು ಫಕ್ರುಸಾಬ್ ಮೊದಲಿನಂತೆ ಕೂಡಿಸಿದ ಮೇಲೆ ಕೊಟ್ರಮ್ಮ ಬಟ್ಟಲು ಹಿಡಿದು ನಿಂತಳು. ಅಕ್ಕಿಗಿಂತ ಭಾರ, ಅಕ್ಕಿಗಿಂತ ತಣ್ಣಗೆ. ಒಂದು ಹಿಡಿ ತೆಗೆದು ಎಸೆದಳು. ಗುಂಡುಗಳು ಅವಳ ಕಾಲ ಮುಂದೆಯೇ ಬಿದ್ದವು.

"ಹಿಂಗಲ್ಲ ನೀ ಹಾಕೋದು," ಎಂದಳು ಅಂಜನಾ. "ನನ್ನ ನಿಶ್ಚಯದಾಗ ಹಾಕಿದ್ದು ನನ್ನ ಅಂಗಿಯೊಳಗ ಹೋಗಿತ್ತು."

"ಮಂತ್ರ ಇಲ್ದ ಕೈ ಏಳಂಗಿಲ್ಲವಾ," ಎಂದಳು ಕೊಟ್ರಮ್ಮ.

"ಹಂಗಾರ ಅನ್ನು."

ಕೊಟ್ರಮ್ಮ ಕಣ್ಣು ಮುಚ್ಚಿದಳು. ಕುರುಗೋಡಿನ ಬಸವಣ್ಣನ ದೊಡ್ಡ ಕಲ್ಲುಮೈ ಕಣ್ಣಿನೊಳಗೆ ಬಂತು. ನಿನ್ನೆ ಅಂದದ್ದನ್ನೇ ಅಂದಳು: ಹೋದಲ್ಲಿ ಯಾರ ಕೈಕಾಲಿಗೂ ಗಾಯ ಮಾಡಬೇಡ, ನಡು ಗದ್ದೆಯಲ್ಲಿ ನಿಲ್ಲಬೇಡ, ನನ್ನ ಮಗಳ ಹೆಸರು ಕೆಡಿಸಬೇಡ. ಈಗ ಕೈ ತಾನಾಗಿ ಎದ್ದಿತು. ಗುಂಡುಗಳು ಹಾರಿ ತಗಡಿನ ಮೇಲೆ ಚಟಚಟನೆ ಬಿದ್ದು, ಪುಟಿದು, ಉರುಳಿ ಒಳಗೆ ಹೋದವು. ಯಂತ್ರದ ಸುತ್ತ ಬರುತ್ತ ಬರುತ್ತ ಬಟ್ಟಲು ಖಾಲಿಯಾಯಿತು. ಫಕ್ರುಸಾಬ್ ಟೋಪಿ ಸರಿಮಾಡಿಕೊಂಡು ನಿಂತಿದ್ದ.

ಮರುದಿನ ಬೆಳಿಗ್ಗೆಯಿಂದ ಅಯಸ್ಕಾಂತದ ಕೆಲಸ. ಗುಂಡು ಸಿಕ್ಕಲ್ಲೆಲ್ಲ ಒಂದೋ ಎರಡೋ ಹಳದಿ ಕಾಳು ಸಿಕ್ಕವು, ಯಾರೂ ನೋಡಬೇಕೆಂದು ಯೋಚಿಸಿರದ ಜಾಗಗಳಲ್ಲಿ: ಸೀಟಿನ ಕೆಳಗಿನ ತಟ್ಟೆ, ಚೈನಿನ ಗಾಲಿಯ ಹಿಂದೆ, ಕಾಳು ಮೇಲೆತ್ತುವ ಕೊಳವೆಯ ಮೊಣಕೈ. ಕೊಟ್ರಮ್ಮ ಮಂಡಿಯೂರಿ ಅಡಿಯಲ್ಲಿ ತೂರಿದಳು, ಸೆರಗು ಸಿಕ್ಕಿಸಿಕೊಂಡು. ಬಟ್ಟಲು ತುಂಬುತ್ತ ಬಂತು. ಕಂಠ ಮುಟ್ಟಲು ಇನ್ನು ಸ್ವಲ್ಪವೇ ಇದೆ ಎನ್ನುವಾಗ ನಿಂತುಬಿಟ್ಟಿತು.

"ಎಲ್ಲೋ ಬಿದ್ದಿರತಾವು ಬಿಡವಾ, ನೆಲದ ಮ್ಯಾಲೆ," ಎಂದಳು ಕೊಟ್ರಮ್ಮ, ಮಗಳ ಮುಖ ನೋಡಲಾರದೆ.

"ನೆಲ ಗುಡಿಸಿ ನೋಡೀವಿ. ಒಳಗ ಅದಾವು."

ಅಂಜನಾ ಮರದ ಸುತ್ತಿಗೆ ಹಿಡಿದು ಒಂದೊಂದೇ ಭಾಗ ತಟ್ಟುತ್ತ ಹೋದಳು. ಕಾಳು ಬಿಡಿಸುವ ಡ್ರಮ್ಮಿನ ಕೆಳಗೆ ಅಡ್ಡಲಾಗಿ ಒಂದು ದಪ್ಪ ಟೊಳ್ಳು ಕಬ್ಬಿಣದ ತೊಲೆ. ಎರಡೂ ತುದಿ ವೆಲ್ಡಾಗಿ ಮುಚ್ಚಿತ್ತು. ಒಳಗೆ ಗಾಳಿ ಬಿಟ್ಟು ಬೇರೇನೂ ಇರಲು ಸಾಧ್ಯವಿರಲಿಲ್ಲ. ಅದನ್ನು ತಟ್ಟಿದಳು.

ಒಳಗಿನಿಂದ ಗರಗರ ಸದ್ದು ಬಂತು.

ಮೂವರೂ ಒಬ್ಬರನ್ನೊಬ್ಬರು ನೋಡಿದರು. ಅಂಜನಾ ಮತ್ತೆ ತಟ್ಟಿದಳು. ಮತ್ತೆ ಗರಗರ. ಅಕ್ಕಿಯಾಗಿದ್ದರೆ ಯಾವತ್ತೂ ಕೇಳಿಸುತ್ತಿರಲಿಲ್ಲ. ಟಾರ್ಚು ಹಿಡಿದು ತೊಲೆಯ ಮೇಲ್ಮೈಯನ್ನು ಬೆರಳಿನಿಂದ ಸವರುತ್ತ ಹೋದಾಗ, ಡ್ರಮ್ಮಿನ ಮರೆಯಲ್ಲಿ ಉಗುರಿನಷ್ಟು ಅಗಲದ ಬಿರುಕು ಸಿಕ್ಕಿತು.

ಫಕ್ರುಸಾಬ್ ಗ್ರೈಂಡರು ತಂದು ತೊಲೆಯಲ್ಲಿ ಒಂದು ಕಿಟಕಿ ಕೊಯ್ದ. ಕಿಡಿ ಆರಿದ ಮೇಲೆ ಅಂಜನಾ ಕೈ ಹಾಕಿದಳು. ಮೊದಲು ಗುಂಡುಗಳು ಬಂದವು. ಹಿಂದೆಯೇ ಕೊಟ್ರಮ್ಮನ ನಾಕಾರು ಹಳದಿ ಕಾಳು. ಅದರ ಹಿಂದೆ ಬಂದದ್ದು ಬೊಗಸೆ ತುಂಬ ಕಪ್ಪುಮಣ್ಣು, ಹೊಟ್ಟು, ಎಷ್ಟೋ ಸುಗ್ಗಿಯ ಹಳೇ ಭತ್ತ. ಯಂತ್ರ ತೊಳೆದ ನೀರು ಬಿರುಕಿನಿಂದ ಒಳಗೆ ಇಳಿದಿತ್ತು. ಒಂದು ಕಾಳಿನ ತುದಿಯಲ್ಲಿ ಬಿಳೀ ಮೊಳಕೆ ಒಡೆದಿತ್ತು.

ಅಂಜನಾ ಅದನ್ನು ಅಂಗೈಯಲ್ಲಿಟ್ಟು ಬೆಳಕಿಗೆ ಹಿಡಿದಳು. "ಇದು ಫಿಜಿಗೆ ಹೋಗಿ ಸಿಕ್ಕಿದ್ರ..." ಎಂದವಳು, ಎಣ್ಣೆಗೈಯಲ್ಲೇ ಅವ್ವನ ಕೆನ್ನೆ ಹಿಂಡಿದಳು.

"ಲೇ, ಕರಿ ಹತ್ತತೈತಿ!" ಎಂದಳು ಕೊಟ್ರಮ್ಮ. ಆದರೆ ಒರೆಸಿಕೊಳ್ಳಲಿಲ್ಲ.

ತೊಲೆಯನ್ನು ಒಳಗೆಲ್ಲ ತೊಳೆದು, ಒಣಗಿಸಿ, ಫಕ್ರುಸಾಬ್ ಬಿರುಕನ್ನೂ ಕಿಟಕಿಯನ್ನೂ ಬೆಸೆದು ಮುಚ್ಚಿದ. ಬಟ್ಟಲು ಕಂಠಮಟ್ಟ ತುಂಬಿ ಕಪಾಟಿನಲ್ಲಿ ಕೂತಿತು.

ಶುಕ್ರವಾರ ಬಂದ ವೇದವ್ಯಾಸರು ಮೊದಲು ಕೊಟ್ರಮ್ಮನ ಕೈ ನೋಡಿದರು. "ಮತ್ತೆ ಪೂಜೆ ಗೀಜೆ ಮಾಡಿಲ್ಲ ತಾನೇ?"

"ಮಾಡೀವಿ, ಸಾರ್," ಎಂದಳು ಅಂಜನಾ.

ಅವರ ಮುಖ ಇಳಿಯಿತು. ಅಂಜನಾ ಬಟ್ಟಲು ತಂದು ತೋರಿಸಿ ನಡೆದದ್ದನ್ನು ಹೇಳಿದಳು. ವೇದವ್ಯಾಸರು ಒಂದು ಗುಂಡು ತೆಗೆದು ಬೆರಳಲ್ಲಿ ಉರುಳಿಸಿದರು. ಆಮೇಲೆ ಹಾಳೆ ಹಾಸಿಕೊಂಡು ಯಂತ್ರದ ಕೆಳಗೆ ಹೋದರು. ಟಾರ್ಚಿನ ಬೆಳಕು ಹರಿದಾಡಿತು. ಹೊಸ ಬೆಸುಗೆಯ ಹತ್ತಿರ ಬಂದಾಗ ತೊಲೆಯನ್ನು ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಬೆಳಕು ಎಲ್ಲಿಯೂ ನಿಲ್ಲಲಿಲ್ಲ. ಕೊಟ್ರಮ್ಮ ಅದರ ಹಿಂದೆಯೇ ಕಣ್ಣು ಓಡಿಸುತ್ತಿದ್ದಳು.

ಹೊರಗೆ ಬಂದು ಅವರು ಯಂತ್ರದ ಎದೆಗೆ ಹಸಿರು ಚೀಟಿ ಅಂಟಿಸಿದರು. "ಹೋಗಿ ಬರಲಿ," ಎಂದರು. ಆಮೇಲೆ, ಯಾರೂ ನೋಡುತ್ತಿಲ್ಲ ಅಂದುಕೊಂಡು, ಬರಿಗೈ ಜೋಡಿಸಿ ಅದಕ್ಕೆ ನಮಸ್ಕಾರ ಮಾಡಿದರು.

ಶನಿವಾರ ಕಂಟೇನರ್ ಲಾರಿ ಬಂದು ಗಲ್ಲಿಯನ್ನೆಲ್ಲ ತುಂಬಿತು. ಆಟೋದವರು ಹಾರ್ನ್ ಬಾರಿಸುತ್ತ ಬೈದರು. ಫಕ್ರುಸಾಬ್ ಅವರಿಗೆಲ್ಲ, "ಫಿಜಿಗೆ ಹೊಂಟೈತ್ರೀ, ಫಿಜಿಗೆ! ಸ್ವಲ್ಪ ತಡೀರಿ!" ಎಂದು ಕೈ ಎತ್ತಿ ಕೂಗಿದ. ಬಾಗಿಲು ಮುಚ್ಚಿ ಸೀಲು ಬಿತ್ತು. ಕೊಟ್ರಮ್ಮ ಗೇಟಿನ ಹೊರಗೆ, ರಸ್ತೆಯ ಆಚೆ ಬದಿಗೆ, ಸೆರಗಿನ ಗಂಟನ್ನು ಮುಷ್ಟಿಯಲ್ಲಿ ಹಿಡಿದು ನಿಂತಿದ್ದಳು. ಲಾರಿ ಅವಳ ಮುಂದೆಯೇ ಹಾದುಹೋಯಿತು. ಮುಷ್ಟಿ ಬಿಚ್ಚಲಿಲ್ಲ. ತಿರುವಿನಲ್ಲಿ ಅದರ ಬಾಲ ಮರೆಯಾದ ಮೇಲೆ ಗಂಟು ಬಿಚ್ಚಿದಳು.

"ಅಂಜಿ, ಬಾ ಇಲ್ಲೆ."

ಮಗಳು ರಸ್ತೆ ದಾಟಿ ಬಂದಳು. ಕೊಟ್ರಮ್ಮ ಕಣ್ಣು ತೆರೆದುಕೊಂಡೇ, ಹಿಡಿ ತುಂಬ ಅಕ್ಷತೆಯನ್ನು ಅವಳ ತಲೆಯ ಮೇಲೆ ಹಾಕಿದಳು.

"ಹೋಯ್ತು!" ಎಂದ ಫಕ್ರುಸಾಬ್. "ಇನ್ನ ಇಕೀನ್ನ ಫಿಜಿಯವರು ಒಳಗ ಬಿಟ್ಕೊಳ್ಳಲ್ಲ."

ಶೆಡ್ಡಿನೊಳಗೆ, ಅಪ್ಪಲಸ್ವಾಮಿಯ ನೆರೆಯವನಿಗೆಂದು ಎರಡನೇ ಯಂತ್ರ ಆಗಲೇ ತೊಳೆಸಿಕೊಂಡು ನಿಂತಿತ್ತು. ಅಂಜನಾ ಗೇಟಿನವರೆಗೆ ಹೋದವಳು ಅಲ್ಲೇ ನಿಂತು, ತಲೆ ಮುಟ್ಟಿ ನೋಡಿಕೊಂಡು, ವಾಪಸು ಬಂದಳು. ಪಕ್ಕದ ಅಂಗಡಿಯ ಮೆಟ್ಟಿಲ ಮೇಲೆ ಕೂತ ಅವ್ವನ ಮುಂದೆ ಕೆಳಗೆ ಕೂತು ಜಡೆ ಬಿಚ್ಚಿ ತಲೆ ಬಗ್ಗಿಸಿದಳು. ಕೊಟ್ರಮ್ಮ ಚೀಲದಿಂದ ಬಾಚಣಿಗೆ ತೆಗೆದಳು. ಗುಬ್ಬಿಗಳು ಒಂದೊಂದಾಗಿ ಬಂದು ಸುತ್ತ ಇಳಿದವು.

"ಮುಗೀತೇನವ್ವಾ?"

"ತಡಿ," ಎಂದಳು ಕೊಟ್ರಮ್ಮ, ಕೂದಲನ್ನು ಬಿಸಿಲಿಗೆ ಬಿಡಿಸಿ ಹಿಡಿದು. "ಇನ್ನೊಂದೈತಿ."