ಗುಳ್ಳೆ ಇಲ್ಲದ ನೀರು

ಗೋದಾಳಿಗೆ ಸಂಕಪ್ಪನ ಮೇಲೆ ಹೊಟ್ಟೆಕಿಚ್ಚು ಇತ್ತು. ಅದಕ್ಕೆ ಬೇರೆ ಹೆಸರು ಹುಡುಕುವುದನ್ನು ಅವಳು ಎಂದೋ ಬಿಟ್ಟಿದ್ದಳು. ಶಾಲೆಯಲ್ಲಿ ವಿಜ್ಞಾನ ಕಲಿಸುವ, ಮಗಳಿಗೆ ಮದುವೆ ಮಾಡಿ ಕಳಿಸಿದ ಹೆಂಗಸಿಗೆ, ಹೋಟೆಲು ನಡೆಸುವ ಒಬ್ಬ ಬೊಜ್ಜಿನ ಗಂಡಸಿನ ಮೇಲೆ ಹೊಟ್ಟೆಕಿಚ್ಚು ಎಂದರೆ ನಾಲ್ಕು ಜನರ ಎದುರು ಆಡುವ ಮಾತಲ್ಲ. ಆದರೂ ನಾದಿನಿ ರೇಣು ಅದರ ವಾಸನೆ ಹಿಡಿದಿದ್ದಳು.

"ವೈನಿ, ಮಂದಿಗೆಲ್ಲಾ ಜಡಿ ಇರೋ ಸವತಿ ಬರ್ತಾಳ. ನಿಮಗ ಮೀಸಿ ಇರೋ ಸವತಿ ಬಂದಾಳ ನೋಡ್ರಿ," ಎಂದು ಚಹಾದ ಕಪ್ಪು ಹಿಡಿದುಕೊಂಡೇ ನಕ್ಕಿದ್ದಳು.

ಗೋದಾ ನಗಲಿಲ್ಲ.

ಇದೆಲ್ಲ ಶುರುವಾದದ್ದು ನಾಲ್ಕು ವರ್ಷದ ಹಿಂದೆ, ತೊಂಬತ್ತೊಂಬತ್ತರ ಬೇಸಿಗೆಯಲ್ಲಿ. ಗಂಡ ಪ್ರಲ್ಹಾದ ಪುಣೆಯ ಖಡಕಿಯಲ್ಲಿದ್ದ ಕಾರ್ಖಾನೆಯ ಕಚೇರಿಯಲ್ಲಿ ಗುಮಾಸ್ತ. ಅಲ್ಲಿಯ ಈಜುಕೊಳದಲ್ಲಿ ಸೈನ್ಯದಿಂದ ನಿವೃತ್ತರಾದ ಒಬ್ಬ ಮಾಸ್ತರರು ಭಾನುವಾರ ಸ್ಕೂಬಾ ಕಲಿಸುತ್ತಿದ್ದರು. ಬೆನ್ನಿಗೆ ಗಾಳಿಯ ಸಿಲಿಂಡರು, ಬಾಯಲ್ಲಿ ನಳಿಕೆ, ನೀರಿನ ತಳದಲ್ಲಿ ಕೂತು ಉಸಿರಾಡುವ ವಿದ್ಯೆ. ಅದನ್ನು ನೋಡಿ ಬಂದ ಪ್ರಲ್ಹಾದ ಕೋಥರೂಡದ ಮನೆಯ ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಲೇ, "ನಾ ಕಲೀಬೇಕಂತೀನಿ. ಬರ್ತೀಯೇನು?" ಎಂದು ಕೇಳಿದ್ದ. ಮದುವೆ ಮುಂಜಿಗಳನ್ನು ಬಿಟ್ಟರೆ ಅವನು "ಬರ್ತೀಯೇನು" ಎಂದು ಕೇಳಿದ್ದು ಅದೇ ಮೊದಲು. ಗೋದಾ ಎಲ್ಲಿಗೆ, ಯಾಕೆ ಎನ್ನದೆ ಹೂಂ ಎಂದಿದ್ದಳು.

ಮೊದಲ ದಿನದ ಪಾಠ ಅವಳಿಗೆ ಈಗಲೂ ಕಣ್ಣಿಗೆ ಕಟ್ಟಿದಂತಿತ್ತು. ಮಾಸ್ತರರು ಒಂದು ಕೆಂಪು ಬಲೂನು ಹಿಡಿದು ಕೊಳದ ತಳಕ್ಕೆ ಹೋದರು. ಅಲ್ಲಿ ಅದಕ್ಕೆ ಸಿಲಿಂಡರಿನ ಗಾಳಿಯನ್ನು ಬಿಗಿಯಾಗಿ ತುಂಬಿ, ಗಂಟು ಹಾಕಿ ಬಿಟ್ಟರು. ಮೇಲೇರುತ್ತ ಏರುತ್ತ ಬಲೂನು ಉಬ್ಬಿತು. ನೀರಿನ ಮೇಲ್ಮೈಗೆ ಬರುವಷ್ಟರಲ್ಲಿ ಪಟ್ಟೆಂದು ಒಡೆಯಿತು. ಅದು ನಿಮ್ಮ ಎದೆಗೂಡು ಎಂದು ತಿಳಿಯಿರಿ, ಎಂದು ಮಾಸ್ತರರು ಮರಾಠಿಯಲ್ಲಿ ಹೇಳಿದ್ದರು. ಆಳದಲ್ಲಿ ಸಿಲಿಂಡರಿನ ಗಾಳಿ ಎಳೆದವನು ಉಸಿರು ಕಟ್ಟಿ ಮೇಲೆ ಬರಬಾರದು. ಉಸಿರು ಬಿಡುತ್ತ ಬರಬೇಕು, ಇಲ್ಲ ಉಸಿರಾಡುತ್ತ ಬರಬೇಕು. ಗೋದಾ ಅದನ್ನು ಮರುದಿನವೇ ತನ್ನ ಒಂಬತ್ತನೆಯ ತರಗತಿಯ ಮಕ್ಕಳಿಗೂ ಹೇಳಿದ್ದಳು.

ಎರಡನೆಯ ಪಾಠ ಅವಳಿಗೆ ಇನ್ನೂ ಇಷ್ಟವಾಗಿತ್ತು. ನೀರಿನೊಳಗೆ ಯಾರೂ ಒಂಟಿಯಲ್ಲ, ಜೋಡಿ ಇರಲೇಬೇಕು. ಒಬ್ಬರ ಗಾಳಿ ತೀರಿದರೆ ಇನ್ನೊಬ್ಬರು ಕೊಡಲೆಂದು ಪ್ರತಿಯೊಬ್ಬರ ಸಿಲಿಂಡರಿಗೂ ಎರಡನೆಯ ನಳಿಕೆ ಒಂದು ಜೋತುಬಿದ್ದಿರುತ್ತದೆ. ಪ್ರಲ್ಹಾದ ಮತ್ತು ಗೋದಾ ಪ್ರತಿ ಸಲ ಅದನ್ನು ಅಭ್ಯಾಸ ಮಾಡುತ್ತಿದ್ದರು. ಅವನು ಕೈಯಾಡಿಸಿ 'ಗಾಳಿ ಇಲ್ಲ' ಎಂದು ಸನ್ನೆ ಮಾಡುವುದು, ಇವಳು ನಳಿಕೆ ಕೊಡುವುದು, ಒಬ್ಬರ ತೋಳು ಒಬ್ಬರು ಹಿಡಿದು ನಿಧಾನವಾಗಿ ಮೇಲೇರುವುದು. ರಸ್ತೆಯಲ್ಲಿ ನಾಲ್ಕು ಹೆಜ್ಜೆ ಮುಂದೆಯೇ ನಡೆಯುವ ಗಂಡ, ನೀರಿನೊಳಗೆ ತೋಳು ಬಿಡುತ್ತಿರಲಿಲ್ಲ. ಮಾತಿಲ್ಲದ ಆ ಜಾಗದಲ್ಲಿ ಅವರಿಬ್ಬರ ನಡುವೆ ಎಷ್ಟೊಂದು ಮಾತು ನಡೆಯುತ್ತಿತ್ತು! ಚಳಿಗಾಲದಲ್ಲಿ ಮಾಸ್ತರರ ಜೊತೆ ಮಾಲವಣದ ಸಮುದ್ರಕ್ಕೂ ಹೋಗಿ ಬರುತ್ತಿದ್ದರು.

ಸಂಕಪ್ಪ ಬಂದದ್ದು ಮೂರನೆಯ ವರ್ಷ. ಉಡುಪಿ ಕಡೆಯವನು, ಕೋಥರೂಡದಲ್ಲಿ ಹೋಟೆಲು. ಚಿಕ್ಕವನಿದ್ದಾಗ ಸಮುದ್ರದ ಬಂಡೆಗಳಿಂದ ಚಿಪ್ಪು ಕೀಳುತ್ತ ಬೆಳೆದು, ಪುಣೆಗೆ ಬಂದು ಗಲ್ಲಾದ ಹಿಂದೆ ಕೂತು ನೀರನ್ನೇ ಮರೆತಿದ್ದ. ಸ್ಕೂಬಾ ಕಲಿಯಲು ಬಂದವನು ಒಂದು ಭಾನುವಾರ, ಪ್ರಲ್ಹಾದನ ಸೊಂಟದ ಸೀಸದ ಪಟ್ಟಿ ಕೊಳದ ತಳಕ್ಕೆ ಬಿದ್ದಾಗ, ಸಿಲಿಂಡರೂ ಇಲ್ಲದೆ ಕೆಳಗೆ ಹೋದ. ಪಟ್ಟಿ ಎತ್ತಿಕೊಂಡ. ಆದರೆ ಮೇಲೆ ಬರಲಿಲ್ಲ. ಸೊಂಟಕ್ಕೆ ಕೈಯಿಟ್ಟು ತಳದಲ್ಲೇ ಸುಮ್ಮನೆ ಕೂತ, ಜಗುಲಿಯ ಮೇಲೆ ಕೂತವರ ಹಾಗೆ. ಮೇಲಿನವರಿಗೆಲ್ಲ ಗಾಬರಿಯಾಗುವ ಹೊತ್ತಿಗೆ ನಗುತ್ತ ಬಂದ. ಆ ದಿನ ಪ್ರಲ್ಹಾದ ಅವನನ್ನು ನೋಡಿದ ನೋಟವನ್ನು ಗೋದಾ ನೋಡಿದಳು.

ಅಲ್ಲಿಂದ ಪ್ರಲ್ಹಾದ ಸಿಲಿಂಡರು ಬಿಟ್ಟ. ಭಾನುವಾರ ಸಂಕಪ್ಪನ ಸ್ಕೂಟರಿನ ಹಿಂದೆ ಕೂತು ಭೋರ್ ಕಡೆಯ ಅಣೆಕಟ್ಟಿನ ಹಿನ್ನೀರಿಗೆ ಹೋಗಿ, ಒಂದೇ ಉಸಿರಿನಲ್ಲಿ ಮುಳುಗುವುದನ್ನು ಕಲಿತ. ಮೇಲಿಂದ ಒಯ್ದ ಉಸಿರು ಕೆಳಗೆ ಕುಗ್ಗಿ, ವಾಪಸು ಬಂದಾಗ ಮೊದಲಿನಷ್ಟೇ ಆಗುತ್ತದೆ. ಆದ್ದರಿಂದ ಬಾಯಿ ಬಿಗಿದು ಹೋಗು, ಬಾಯಿ ಬಿಗಿದು ಬಾ. ಇದು ಸಂಕಪ್ಪನ ಪಾಠ. ಮನೆಯಲ್ಲಿ ಸಂಜೆ ಪಡಸಾಲೆಯ ನಡುವೆ ಅಂಗಾತ ಮಲಗಿ ಉಸಿರು ಕಟ್ಟುವ ಅಭ್ಯಾಸ. ಗ್ಯಾಸು ತೀರಿದೆ ಎಂದು ಗೋದಾ ಹೇಳಿದರೆ ಒಂದು ಬೆರಳು ಎತ್ತಿ ತೋರಿಸುತ್ತಿದ್ದ. ಅವನು ಉಸಿರು ಬಿಡುವಷ್ಟರಲ್ಲಿ ಅವಳ ಮಾತಿನ ರುಚಿಯೇ ಹೋಗಿರುತ್ತಿತ್ತು.

ಆಮೇಲೆ ಮೀನು ಹೊಡೆಯುವ ಭರ್ಚಿ ಬಂತು. ಸಾಗವಾನಿ ಹಿಡಿ, ರಬ್ಬರು ಪಟ್ಟಿ, ಉಕ್ಕಿನ ಸಲಾಕೆ, ಅದಕ್ಕೆ ಕಟ್ಟಿದ ದಾರ, ಸಂಕಪ್ಪನೇ ಮಾಡಿಸಿಕೊಟ್ಟದ್ದು. ಈರುಳ್ಳಿಯನ್ನು ಕೂಡ ಏಕಾದಶಿಗೆ ಮುಟ್ಟದ ಪ್ರಲ್ಹಾದ ಮೀನು ಹೊಡೆಯತೊಡಗಿದ. ಒಂದನ್ನೂ ತಿನ್ನುತ್ತಿರಲಿಲ್ಲ, ಎಲ್ಲ ಸಂಕಪ್ಪನ ಹೆಂಡತಿ ಅಕ್ಕುವಿನ ಅಡುಗೆಮನೆಗೆ. "ಪ್ರಲ್ಹಾದ ಅಂತ ಹೆಸರಿಟ್ಟರ ಮತ್ಸ್ಯಾವತಾರಕ್ಕ ಭರ್ಚಿ ಹೊಡದ ಬಂದ," ಎಂದು ರೇಣು ಅಣ್ಣನನ್ನು ಕಾಡಿದಳು. ಅವನು ನಾಚಿಕೊಂಡ, ಬಿಡಲಿಲ್ಲ.

ಗೋದಾಳಿಗೆ ಮೀನಿನ ಪಾಪ ಅಷ್ಟು ಕಾಡಲಿಲ್ಲ. ಕಾಡಿದ್ದು ಬೇರೆ. ಉಸಿರು ಕಟ್ಟಿ ಮುಳುಗುವವರಲ್ಲಿ ಒಂದು ಪದ್ಧತಿ ಇತ್ತು. ಒಬ್ಬ ಕೆಳಗೆ ಹೋದರೆ ಇನ್ನೊಬ್ಬ ಮೇಲೆ ಕಾಯಬೇಕು. ಬಂದವನ ಮುಖವನ್ನೇ, ಮೂರು ಉಸಿರಾಗುವ ತನಕ, ಕಣ್ಣು ಕೀಳದೆ ನೋಡಬೇಕು. ಅವನು ಬಾಯಿಬಿಟ್ಟು "ಆರಾಮ" ಎನ್ನಬೇಕು. ಎಚ್ಚರ ತಪ್ಪುವುದು ಕೆಳಗಲ್ಲ, ಮೇಲೆ ಬಂದ ಮೇಲೆಯೇ ಹೆಚ್ಚಂತೆ. ಮಾಲವಣದಲ್ಲಿ ಅವಳು ದೋಣಿಯ ಅಂಚಿನಲ್ಲಿ ಕೂತು, ನೀರಿನಲ್ಲಿ ಅವರಿಬ್ಬರು ಹಾಗೆ ಮುಖ ನೋಡಿಕೊಳ್ಳುವುದನ್ನು ಎಷ್ಟೋ ಸಲ ನೋಡಿದಳು. ತನ್ನ ಮುಖವನ್ನು ಯಾರಾದರೂ ಮೂರು ಉಸಿರಿನಷ್ಟು ಹೊತ್ತು ನೋಡಿ ಎಷ್ಟು ಕಾಲವಾಯಿತು ಎಂದು ಲೆಕ್ಕ ಹಾಕಲು ಹೋಗಿ, ಬಿಟ್ಟಳು.

ಸಂಕಪ್ಪ ಕೆಟ್ಟವನಾಗಿದ್ದರೆ ಎಷ್ಟೋ ಸುಲಭವಿತ್ತು. ಅವನು ಕೇಳುವ ಮೊದಲೇ ಅವಳ ಸಿಲಿಂಡರು ಹೊತ್ತು ದೋಣಿಗೆ ಇಡುತ್ತಿದ್ದ. ಎಂಜಿನ್ನಿನ ಹೊಗೆಗೆ ಅವಳಿಗೆ ಹೊಟ್ಟೆ ತೊಳಸುತ್ತದೆಂದು ನೆನಪಿಟ್ಟು ಮುಂದಿನ ಹಲಗೆ ಖಾಲಿ ಇಡಿಸುತ್ತಿದ್ದ. ಅಕ್ಕುವಂತೂ ಗೋದಾಳಿಗೆಂದೇ ಒಂದು ಪಾತ್ರೆಯನ್ನು, ಕಿವಿಗೆ ಕೆಂಪು ದಾರ ಕಟ್ಟಿ, ಮೀನು ಸೋಕದ ಕಪಾಟಿನಲ್ಲಿ ಎತ್ತಿಟ್ಟಿದ್ದಳು. ಇದೆಲ್ಲ ಗೋದಾಳ ಕಣ್ಣಿಗೆ ಬೀಳುತ್ತಿತ್ತು, ಬಿದ್ದಷ್ಟೂ ಸಿಟ್ಟು ಬರುತ್ತಿತ್ತು. ಒಳ್ಳೆಯವರ ಮೇಲಿನ ಹೊಟ್ಟೆಕಿಚ್ಚು ಹೆಚ್ಚು ಸುಡುತ್ತದೆ. ಅದಕ್ಕೆ ಒರಗಿಕೊಳ್ಳಲು ಒಂದು ಕಾರಣವೂ ಸಿಗುವುದಿಲ್ಲ.

ಎರಡು ಸಾವಿರದ ಮೂರರ ಡಿಸೆಂಬರಿನಲ್ಲಿ ಮತ್ತೆ ಮಾಲವಣಕ್ಕೆ ಹೋದರು. ಗೋದಾಳಿಗೆ ಈಗ ಜೋಡಿ ಮಾಸ್ತರರೇ. ನೀರಿಗಿಳಿಯುವ ಮುನ್ನ ಪ್ರಲ್ಹಾದ ಹತ್ತಿರ ಬಂದ. ಅವಳ ಪಟ್ಟಿ ಬಿಗಿದಿದೆಯೇ ನೋಡಲು ಬಂದನೆಂದುಕೊಂಡಳು.

"ಗೋದಾ, ನೀವಿಬ್ಬರೂ ಬಂಡಿಗಲ್ಲಿನ ಆ ಕಡೆ ಇರ್ರಿ. ನಿಮ್ಮ ಗುಳ್ಳಿ ಸಪ್ಪಳಕ್ಕ ಮೀನು ಓಡ್ತಾವ," ಎಂದ. ಆಮೇಲೆ ಸಮಾಧಾನ ಮಾಡುವವನಂತೆ, "ಗುಳ್ಳಿ ಇಲ್ಲದ ನೀರು ಹೆಂಗಿರ್ತದ ಅಂತ ನೀ ಒಮ್ಮೆ ಕೇಳಬೇಕು. ದೇವರ ಮನಿ ಇದ್ದಂಗ ಇರ್ತದ."

ತನ್ನ ಉಸಿರೇ ಅವನಿಗೆ ಸದ್ದಾಯಿತಲ್ಲ, ಎಂದುಕೊಂಡು ಗೋದಾ ನೀರಿಗೆ ಬಿದ್ದಳು.

ಆಚೆಗೆ ಹೋಗಲಿಲ್ಲ. ಮಾಸ್ತರರು ಒಂದು ಹವಳದ ಮೇಲೆ ಬಾಗಿದ್ದಾಗ ಅವಳು ಬಂಡೆಯ ಮಗ್ಗುಲಿಗೇ ಸರಿದಳು. ಆಗಲೇ ಪ್ರಲ್ಹಾದ ಮೇಲಿನಿಂದ ಇಳಿದು ಬಂದ. ಒಂದು ಗುಳ್ಳೆಯೂ ಇಲ್ಲ, ಉದ್ದನೆಯ ಫಿನ್ನುಗಳು ಅಲುಗಿದ್ದೂ ತಿಳಿಯದು. ಚೆಲುವಾಗಿದ್ದ. ಅದರಿಂದ ಅವಳಿಗೆ ಇನ್ನಷ್ಟು ನೋವಾಯಿತು. ಭರ್ಚಿ ಬಿಟ್ಟ, ಮೀನಿಗೆ ತಾಗಿತು. ಮೀನು ಸಲಾಕೆ ಸಮೇತ ಸಂದಿಗೆ ನುಗ್ಗಿತು, ದಾರ ಸಿಕ್ಕಿಕೊಂಡಿತು. ಅವನು ಬಂಡೆಗೆ ಕಾಲು ಕೊಟ್ಟು ದಾರ ಜಗ್ಗಿದ. ಇನ್ನೊಮ್ಮೆ ಜಗ್ಗಿದ. ಬಿಟ್ಟು ಮೇಲೆ ಹೋಗಬಹುದಿತ್ತು, ಉಸಿರು ಇನ್ನೂ ಇತ್ತು. ಗೋದಾ ಅದನ್ನೆಲ್ಲ ಯೋಚಿಸಲಿಲ್ಲ. ಅವಳ ಎದೆ ಹಿಗ್ಗಿತು. ಈಗ ಸಂಕಪ್ಪ ಎಲ್ಲಿದ್ದಾನೆ? ಮೇಲೆ. ನೋಡುವುದು ಬಿಟ್ಟು ಏನು ಕೊಡಬಲ್ಲ? ಅವಳು ಹೋಗಿ ತನ್ನ ಎರಡನೆಯ ನಳಿಕೆಯನ್ನು ಗಂಡನ ಮುಖದ ಮುಂದೆ ಹಿಡಿದಳು.

ಅವನು ತಿರುಗಿ ನೋಡಿದ. ಹಳೆಯ ರೂಢಿ, ಬಾಯಿಗೆ ಕಚ್ಚಿಕೊಂಡ. ಎರಡು ತುಂಬು ಉಸಿರು ಎಳೆದ. ಮಾಸ್ಕಿನ ಗಾಜಿನ ಹಿಂದೆ ಅವನ ಕಣ್ಣು ನಕ್ಕಿತು. ಆ ಒಂದು ಗಳಿಗೆ ಗೋದಾಳಿಗೆ ನಾಲ್ಕು ವರ್ಷ ಹಿಂದೆ ಹೋದಂತಾಯಿತು.

ಅವನು ನಳಿಕೆ ಹೊರತೆಗೆದ. ಬಾಯಿ ಬಿಗಿದ. ಮುಖ ಮೇಲೆತ್ತಿ ಫಿನ್ನು ಬೀಸಿದ.

ಕೆಂಪು ಬಲೂನು ಗೋದಾಳ ಕಣ್ಣ ಮುಂದೆ ಬಂತು. ಅವನೊಳಗೆ ಈಗ ಇದ್ದದ್ದು ಮೇಲಿಂದ ಒಯ್ದ ಉಸಿರಲ್ಲ, ಅವಳು ಕೊಟ್ಟ ಗಾಳಿ. ಹೊಸ ಪಾಠ ಹಳೆಯ ಪಾಠವನ್ನು ನುಂಗಿತ್ತು. ಅವನು ಬಾಯಿ ಬಿಗಿದೇ ಮೇಲೆ ಹೋಗುತ್ತಾನೆ. ಅವಳು ಎರಡೂ ಕೈ ಚಾಚಿ ಅವನ ಪಾದ ಹಿಡಿದು ಕೆಳಗೆ ಎಳೆದಳು. ಅವನು ಒದ್ದ. ಅವಳು ಬಿಡಲಿಲ್ಲ, ಮೊಣಕಾಲು, ಸೊಂಟ, ತೋಳು ಹಿಡಿಯುತ್ತ ಹತ್ತಿ, ನಳಿಕೆಯನ್ನು ಬಾಯಿಗೆ ತುರುಕಿದಳು. ಅವನ ಕಣ್ಣಲ್ಲಿ ಕೆಂಡದಂಥ ಸಿಟ್ಟು. ತನ್ನ ಬಾಯಿಯಿಂದ ದೊಡ್ಡ ದೊಡ್ಡ ಗುಳ್ಳೆಗಳನ್ನು ಬಿಟ್ಟು ತೋರಿಸಿದಳು: ಬಿಡು, ಬಿಡು. ಕೊನೆಗೆ ಅವನ ಬಾಯಿಂದಲೂ ಗುಳ್ಳೆ ಬಂದವು. ಒಬ್ಬರ ತೋಳು ಒಬ್ಬರು ಹಿಡಿದು, ಉಸಿರಾಡುತ್ತ, ಗುಳ್ಳೆಗಳ ಸದ್ದಿನಲ್ಲಿ ನಿಧಾನವಾಗಿ ಮೇಲೆ ಬಂದರು.

ಸಂಕಪ್ಪ ಕಾಯುತ್ತಿದ್ದ. ಪ್ರಲ್ಹಾದನ ಮುಖ ನೋಡಿದ, ಮೂರು ಉಸಿರು. "ಆರಾಮ," ಎಂದ ಪ್ರಲ್ಹಾದ, ಹಲ್ಲು ಕಡಿದು. ಅಷ್ಟಕ್ಕೆ ಮುಗಿಯಬೇಕಿತ್ತು. ಸಂಕಪ್ಪ ನೀರಿನಲ್ಲೇ ತಿರುಗಿ ಗೋದಾಳ ಎದುರು ಬಂದ, ಅವಳ ಮುಖವನ್ನೂ ಹಾಗೇ ನೋಡುತ್ತ ನಿಂತ.

"ಗೋದಕ್ಕ, ನೀವು ಸಹ ಹೇಳ್ಬೇಕು. ಹೇಳದೆ ನಾನು ಬಿಡುದಿಲ್ಲ."

"ಆರಾಮ ಅದೀನ್ರಿ," ಎಂದಳು. ಅದು ಸುಳ್ಳಾಗಿತ್ತು. ಮಾಸ್ಕಿನೊಳಗೆ ತುಂಬಿದ್ದ ಉಪ್ಪುನೀರು ಸಮುದ್ರದ್ದಲ್ಲ.

ದೋಣಿಯಲ್ಲಿ ಪ್ರಲ್ಹಾದ ಸಿಡಿದ. ಮೀನು ಹೋಯಿತು, ಭರ್ಚಿ ಹೋಯಿತು, ಹೋದರೆ ಹೋಗಲಿ, ಕಾಲು ಹಿಡಿದು ಎಳೆಯುವುದೆಂದರೇನು, ಹುಚ್ಚು ಹಿಡಿದಿದೆಯೇ ಎಂದ. ಅವನು ಮುಗಿಸುವಷ್ಟರಲ್ಲಿ ಗೋದಾ ಸಿಲಿಂಡರಿನ ಪಟ್ಟಿ ಬಿಚ್ಚಿ ಕೆಳಗಿಟ್ಟಳು.

"ಕೆಂಪು ಬಲೂನು ನೆನಪದ ಏನ್ರಿ?" ಎಂದಳು.

ಪ್ರಲ್ಹಾದನ ಕೈ ತಾನಾಗಿ ಎದೆಯ ಮೇಲೆ ಹೋಯಿತು. ಹಿಂದೆಯೇ ಹತ್ತಿ ಬಂದ ಮಾಸ್ತರರು ವಿಷಯ ತಿಳಿದು ಇಬ್ಬರನ್ನೂ ಮಕ್ಕಳಿಗೆ ಬೈದ ಹಾಗೆ ಬೈದರು. ಗಾಳಿ ಕೊಟ್ಟವರಿಗೆ ಮೊದಲು, ತೆಗೆದುಕೊಂಡವನಿಗೆ ಆಮೇಲೆ. ಸಿಲಿಂಡರಿನ ಗಾಳಿ ಮುಟ್ಟಬಾರದೆಂದು ಇವರಿಗೆ ಹೇಳಬೇಕಾದದ್ದು ನಾನು, ನನ್ನ ತಪ್ಪೂ ಉಂಟು, ಎಂದು ಸಂಕಪ್ಪ ನಡುವೆ ಬರಲು ನೋಡಿದ. ಗೋದಾ ಅವನಿಗೆ ಅದನ್ನು ಬಿಟ್ಟುಕೊಡಲಿಲ್ಲ.

"ಇಲ್ರಿ ಸಂಕಪ್ಪನವರ. ತಪ್ಪು ನಂದ." ಗಂಡನ ಕಡೆ ತಿರುಗಿದಳು. "ನಿಮಗ ಗಾಳಿ ಬೇಕಾಗಿರಲಿಲ್ಲ. ನನಗ ಕೊಡೂದು ಬೇಕಾಗಿತ್ತು."

ಸಂಕಪ್ಪ ಅವರಿಗೆ ಬೆನ್ನು ಮಾಡಿ, ಸುತ್ತಿಟ್ಟಿದ್ದ ಹಗ್ಗವನ್ನು ಬಿಚ್ಚಿ ಮತ್ತೆ ಸುತ್ತತೊಡಗಿದ. ಪ್ರಲ್ಹಾದ ಬಹಳ ಹೊತ್ತು ತನ್ನ ಪಾದ ನೋಡಿಕೊಂಡ. ಹಿಮ್ಮಡಿಯ ಮೇಲೆ ಅವಳ ಉಗುರಿನ ಗೆರೆಗಳಿದ್ದವು.

"ಬೇಕಾಗಿರಲಿಲ್ಲ, ಖರೆ," ಎಂದ ಕೊನೆಗೆ. "ಆದರೂ ಬಾಯಿ ತಾನ ತೆರೀತು ನೋಡು."

ಮರುದಿನ ಬೆಳಿಗ್ಗೆ ಸಂಕಪ್ಪನಿಗೆ ಮೊಣಕಾಲು ನೋವು ಬಂತು. ಹಿಂದಿನ ಸಂಜೆ ಮರಳಿನ ಮೇಲೆ ಸಿಲಿಂಡರುಗಳನ್ನು ಎರಡೆರಡಾಗಿ ಹೊತ್ತು ನಡೆದ ಮೊಣಕಾಲು ಅದು. ಪ್ರಲ್ಹಾದಣ್ಣನನ್ನು ಮೇಲಿಂದ ನೋಡುವವರು ಯಾರಾದರೂ ಬೇಕಲ್ಲ, ಎಂದು ದೋಣಿಯಲ್ಲೇ ಕಾಲು ಚಾಚಿದ. ಗೋದಾ ಅವನ ಮುಖ ನೋಡಿದಳು. ಅವನು ಮೊಣಕಾಲು ತಿಕ್ಕಿಕೊಂಡ. ಇಂಥವನ ಮೇಲೆ ಹೊಟ್ಟೆಕಿಚ್ಚು ಪಡುವುದು ಎಷ್ಟು ಕಷ್ಟ ಎಂದು ಅವಳಿಗೆ ಮತ್ತೊಮ್ಮೆ ಅನಿಸಿತು.

ಸಿಲಿಂಡರು ದೋಣಿಯಲ್ಲೇ ಬಿಟ್ಟು, ಮಾಸ್ಕು ಮತ್ತು ತೇಲುವ ಜಾಕೀಟು ಹಾಕಿ ಇಳಿದಳು. ಮುಖ ನೀರಿಗಿಟ್ಟಳು. ಪ್ರಲ್ಹಾದ ಕೈಯಲ್ಲಿ ಏನೂ ಇಲ್ಲದೆ ಇಳಿದು ಹೋದ; ಹಸಿರಿನಲ್ಲಿ ಚಿಕ್ಕವನಾಗುತ್ತ ಹೋದ. ಗುಳ್ಳೆಗಳಿರಲಿಲ್ಲ. ಅವನು ಹೇಳಿದ್ದು ನಿಜ, ನೀರು ಅಷ್ಟು ಮೌನವಾಗಿರುವುದನ್ನು ಅವಳು ಕೇಳಿರಲಿಲ್ಲ. ಆದರೆ ಅವನು ಒಂದು ಮಾತು ಹೇಳಿರಲಿಲ್ಲ: ಮೇಲೆ ಕಾಯುವವರಿಗೆ ಆ ಮೌನ ದೇವರ ಮನೆಯ ಹಾಗಿರುವುದಿಲ್ಲ. ಇಷ್ಟು ದಿನ ಸಂಕಪ್ಪ ಇದನ್ನು ಹೊತ್ತುಕೊಂಡು ತೇಲುತ್ತಿದ್ದನಲ್ಲ ಎಂದುಕೊಂಡಳು.

ಪ್ರಲ್ಹಾದ ಅವಳ ಎದುರಿಗೇ ಎದ್ದ. ಮಾಸ್ಕು ಹಣೆಗೆ ಏರಿಸಿದ. ಒಂದು ಉಸಿರು. ಎರಡು. ಮೂರು. ಅವನ ರೆಪ್ಪೆಯಲ್ಲಿ ಬಿಳಿಕೂದಲು ಬಂದದ್ದನ್ನು ಅವಳು ಇಂದೇ ನೋಡಿದ್ದು.

"ಆರಾಮ," ಎಂದ.

ಅವಳು ಕಣ್ಣು ಕೀಳಲಿಲ್ಲ.

"ಆರಾಮ ಅಂದೆನಲ್ಲ. ಮುಗೀತು."

"ತಡೀರಿ," ಎಂದಳು ಗೋದಾ. "ಸಂಕಪ್ಪನವರಿಗೆ ಎರಡು ವರ್ಷ ಈ ಮುಖ ತೋರಿಸೀರಿ."