ಇನ್ನೊಮ್ಮೆ ನೋಡುವ ಮಾಸ್ತರರು

ನರೇಗಲ್ಲಿನ ನಮ್ಮ ಓಣಿಯ ಮಹಾಲಿಂಗಪ್ಪ ಮಾಸ್ತರರು ಮನೆಗೆ ಬೀಗ ಹಾಕಿ ಹೊರಟರೆಂದರೆ ಹತ್ತು ಹೆಜ್ಜೆ ಮುಂದಕ್ಕೆ, ಹತ್ತು ಹೆಜ್ಜೆ ಹಿಂದಕ್ಕೆ. ಮರಳಿ ಬಂದು ಬೀಗ ಜಗ್ಗಬೇಕು, ಹೊರಡಬೇಕು, ಮತ್ತೆ ಬಂದು ಜಗ್ಗಬೇಕು. ನಿವೃತ್ತಿಯ ದಿನ ಶಾಲೆಯವರು ಹೊಲಿಸಿಕೊಟ್ಟ ಬೂದು ಕೋಟಿನ ಬಲತೋಳು ಈ ಜಗ್ಗಾಟದಲ್ಲೇ ಸವೆಯಿತೆಂದು ಓಣಿಯವರು ನಗುತ್ತಿದ್ದರು. ಮಾಸ್ತರರಿಗೆ ಅದರಿಂದ ಕಿಂಚಿತ್ತೂ ಸಂಕೋಚವಿರಲಿಲ್ಲ. ಇನ್ನೊಮ್ಮೆ ನೋಡದವನನ್ನು ಅವರು ಮನುಷ್ಯರ ಸಾಲಿಗೇ ಸೇರಿಸುತ್ತಿರಲಿಲ್ಲ.

ಮನೆಯಲ್ಲಾಗುವ ಕೆಲಸಕ್ಕೆ ಪರರಿಗೆ ದುಡ್ಡು ಕೊಡಬಾರದೆಂಬುದು ಅವರ ಇನ್ನೊಂದು ಹಟ. ಮೋಟರ್‌ಸೈಕಲ್ಲಿನ ಹಿಂದಿನ ಶಾಕ್ ಅಬ್ಸಾರ್ಬರಿಗೆ ಗ್ಯಾಸು ತುಂಬಲು ಅಂಗಡಿಯವನು ಹೇಳಿದ ದರಕ್ಕೆ ಸಿಟ್ಟಾಗಿ, ಗಾಳಿಯ ಒತ್ತಡ ತೋರಿಸುವ ಗೇಜು ಇದ್ದ ಕೈಪಂಪೊಂದನ್ನು ತರಿಸಿ, ಕಟ್ಟೆಯ ಮೇಲೆ ಕೂತು ತಾವೇ ಗಾಳಿ ತುಂಬಿ ಗೆದ್ದಿದ್ದರು. ಒಬ್ಬಂಟಿ ಸವಾರಿ, ಅದೂ ಎತ್ತಿನ ಬಂಡಿಯ ವೇಗ. ತುಂಬಿದ್ದು ನಿಂತಿದೆಯೋ ಇಲ್ಲವೋ ತಿಳಿಯುವ ಪ್ರಸಂಗವೇ ಬರಲಿಲ್ಲ.

ಪಕ್ಕದ ಮನೆಯ ಬಳೆ ವ್ಯಾಪಾರಿ ಮುನಾವರನ ಮೋಟರ್‌ಸೈಕಲ್ಲೂ ಹಿಂದೆ ಕುಸಿಯತೊಡಗಿತು. ನಡುನೋವಿನಿಂದ ಆಗಷ್ಟೇ ಎದ್ದಿದ್ದ ತಾಯಿ ಕಮರುನ್ನಿಸಾ ಅವರನ್ನು ಅವನು ರೋಣದ ದವಾಖಾನೆಗೆ ಕರೆದೊಯ್ಯಬೇಕಾಗಿತ್ತು.

"ಯಾಕ ಸುಮ್ನ ರೊಕ್ಕ ಹಾಳ ಮಾಡ್ತಿ ತಮ್ಮಾ? ನಾ ತುಂಬಿಕೊಡ್ತೀನಿ, ತಾ ಇಲ್ಲೆ," ಎಂದರು ಮಾಸ್ತರರು.

ತುಂಬಿದರು. ಆಮೇಲೆ ಸ್ವಭಾವ ಬಿಡಲಿಲ್ಲ. ಹೊರಡುವ ತನಕ ಐದು ಸಲ ಗೇಜು ಹಚ್ಚಿ ನೋಡಿದರು. ಪ್ರತಿ ಸಲವೂ ಚುಸ್ಸೆಂದಿತು, ಪ್ರತಿ ಸಲವೂ ಮುಳ್ಳು ಕೆಳಗಿಳಿಯಿತು. ಮುಳ್ಳೇ ಕೆಟ್ಟಿದೆಯೆಂದುಕೊಂಡರೇ ಹೊರತು ತಮ್ಮ ಕೈ ಕೆಟ್ಟಿದ್ದೀತೆಂದು ಅವರಿಗೆ ಹೊಳೆಯಲಿಲ್ಲ.

ಅಬ್ಬಿಗೇರಿಯ ಹತ್ತಿರ ರಸ್ತೆಯುಬ್ಬಿಗೆ ಗಾಡಿ ಧಡ್ಡೆಂದು ಕುಕ್ಕಿತು. ಕಮರುನ್ನಿಸಾ ಮತ್ತೆ ಹಾಸಿಗೆ ಹಿಡಿದರು.

"ರಸ್ತಾನ ಹಂಗ ಐತ್ರಿ ಮಾಸ್ತರ," ಎಂದ ಮುನಾವರ. ಮಾಸ್ತರರು ಹದಿನೈದು ದಿನ ಆ ಮನೆಯ ಮುಂದೆ ಕೆಳಗೆ ನೋಡುತ್ತ ನಡೆದರು. ಕೊನೆಗೆ ರೋಣಕ್ಕೆ ಹೋಗಿ, ಮೆಕ್ಯಾನಿಕ್ ಗೌಸುಸಾಬರ ಮುಂದೆ ಯಾರದೋ ಗಾಡಿಯ ಸುದ್ದಿಯೆಂಬಂತೆ ವಿಷಯ ತೆಗೆದರು.

"ಅದರಾಗ ಹಿಡಿಯೂದ ಚೂರ ಗಾಳಿ. ಗೇಜ ಹಚ್ಚಿದಾಗೊಮ್ಮೆ ಅಷ್ಟಷ್ಟ ಗೇಜಿನ ಪೈಪಿನ್ಯಾಗ ಹೋಗಿಬಿಡತೈತ್ರಿ," ಎಂದು ಗೌಸುಸಾಬ ನಕ್ಕರು. "ಯಾಂವರಿ ಅಂವಾ, ಐದ ಸಲ ನೋಡಿದಾಂವ?"

"ಯಾವನೋ ಒಬ್ಬ," ಎಂದರು ಮಾಸ್ತರರು. ಮೂವತ್ತು ವರ್ಷ ಮಕ್ಕಳಿಗೆ ಸುಳ್ಳಾಡಬಾರದೆಂದು ಕಲಿಸಿದ ಬಾಯಿ ಅದು. ಬಸ್ಸಿನಲ್ಲಿ ಊರಿಗೆ ಬರುವಷ್ಟರಲ್ಲಿ ತಮ್ಮ ಮೇಲೆ ತಮಗೇ ಹೇಸಿಕೆ ಬಂದಿತ್ತು. ಸೀದಾ ಮುನಾವರನ ಮನೆ ಹೊಕ್ಕರು.

"ಅಕ್ಕಾರ, ನಿಮ್ಮ ನಡಾ ಕೆಡಿಸಿದಾಂವ ನಾನ. ಮುಳ್ಳ ಇಳದದ್ದ ಕಣ್ಣಾರೆ ನೋಡಿದ್ದೆ. ನೋಡಿನೂ ಕಳಿಸಿದೆ."

ಕಮರುನ್ನಿಸಾ ಮಲಗಿದಲ್ಲಿಂದಲೇ ಕೈ ಅಲ್ಲಾಡಿಸಿದರು. "ನಾ ಬಾಗಲದಾಗ ಕುಂತ ಎಣಿಸೀನ್ರಿ, ಐದ ಸಲ ನೋಡೀರಿ. ನನಗೋಸ್ಕರ ಅಷ್ಟ ಕಾಳಜಿ ಯಾರ ಮಾಡ್ತಾರ್ರಿ? ಕುಂಡ್ರಿ, ಚಾ ಕುಡೀರಿ."

ಮಾಸ್ತರರು ಕೂತು ಆ ಚಹಾ ಕುಡಿದು ಎದ್ದು ಬಂದರು.

ಈಗಲೂ ಮಾಸ್ತರರು ಹತ್ತು ಹೆಜ್ಜೆಗೆ ನಿಲ್ಲುತ್ತಾರೆ. ಬೀಗದ ಕಡೆ ಅರ್ಧ ತಿರುಗಿ, ಕೈಯನ್ನು ಕೋಟಿನ ಕಿಸೆಗೆ ತುರುಕಿ ಮುಂದೆ ನಡೆಯುತ್ತಾರೆ. ಇಂಥ ಎಚ್ಚರಿಕೆಯ ಜನರು ತಪ್ಪುವುದೇ ಇಲ್ಲವೆಂದು ಲೋಕ ನಂಬುತ್ತದೆ, ಅವರೂ ನಂಬಿರುತ್ತಾರೆ. ಆದುದರಿಂದಲೇ ತಪ್ಪು ಕಣ್ಣೆದುರು ನಿಂತರೂ ಅದನ್ನು ತಮ್ಮದೆಂದು ಗುರುತಿಸುವುದಿಲ್ಲ. ಗುರುತಿಸಿದ ದಿನ ಬೈಸಿಕೊಳ್ಳಲು ತಾವಾಗಿ ಹೋಗುತ್ತಾರೆ. ಬೈದರೆ ಹಗುರಾಗಿ ಮನೆಗೆ ಬಂದಾರು. ಚಹಾ ಕೊಟ್ಟು ಕಳಿಸಿದರೆ ಮಾತ್ರ ಮತ್ತೆಂದೂ ತಲೆಯೆತ್ತಲಾರರು.