ಬೈಗುಳದ ಹೊತ್ತು

ಗಿರಣಿ ಓಡುತ್ತಿರುವಾಗ ಆ ಮನೆಯಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ. ಹಾಗಾಗಿ ಜಗಳವನ್ನೂ ಗಿರಣಿ ನಿಂತಾಗಲೇ ಆಡಬೇಕು. ಊರವರೆಲ್ಲ ಗಿರಣಿಯಮ್ಮ ಎಂದು ಕರೆಯುತ್ತಿದ್ದ ಮುದುಕಿಗೂ ಅವಳ ಸೊಸೆಗೂ ಇದು ಅಭ್ಯಾಸವಾಗಿ ಹೋಗಿತ್ತು. ಬೆಳಿಗ್ಗೆ ಬೆಲ್ಟು ಏರಿಸುವ ಮೊದಲು ಒಂದು ಸುತ್ತು, ನಡುವೆ ಕರೆಂಟು ಹೋದರೆ ಇನ್ನೊಂದು. ಹಿಂದಿನ ದಿನ ಸಂಜೆಯ ಸುತ್ತು ಮಾತ್ರ ಮಿತಿ ಮೀರಿತ್ತು. ಮಗ ಉಣ್ಣುತ್ತಿದ್ದವನು ತಟ್ಟೆ ಸರಿಸಿ ಎದ್ದು, "ಇನ್ನು ಮೇಲೆ ನೀವಿಬ್ರೂ ಒಬ್ಬರಿಗೊಬ್ಬರು ಮಾತಾಡಕೂಡದು" ಎಂದಿದ್ದ. ಇಬ್ಬರೂ ತಲೆಯಾಡಿಸಿದ್ದರು. ಅವನು ನಂಬಿದ್ದ.

ಮರುದಿನ ಬೆಳಿಗ್ಗೆ ಗೋಧಿ ಬೀಸಿಸಲು ಬಂದ ಬೇಕರಿಯವನು ಅಂಗಳದಲ್ಲಿ ಚೀಲ ಹೊಲಿಯುತ್ತಿದ್ದ ಮಗನನ್ನು ಕೂಗಿ ಕರೆದ.

"ನೋಡಪ್ಪ, ನಿಮ್ಮಮ್ಮ ನನ್ನ ಹಿಟ್ಟೆಲ್ಲ ನೆಲಕ್ಕೆ ಬಡಿಸ್ತಿದ್ದಾರೆ."

ಮಗ ಬಾಗಿಲಲ್ಲಿ ಇಣುಕಿದ. ಡಬ್ಬ ಗಿರಣಿಯ ಬಾಯಿಗೆ ಸರಿಯಾಗಿ ಕೂತಿರಲಿಲ್ಲ. ಹಿಟ್ಟು ಪಕ್ಕದಲ್ಲಿ ಸುರಿದು ಗುಡ್ಡೆಯಾಗುತ್ತಿತ್ತು. ಅಮ್ಮ ಸ್ಟೂಲಿನ ಮೇಲೆ ಬಾಯಿ ಒಂದು ಕಡೆಗೆ ಎಳೆದುಕೊಂಡು ಕೂತಿದ್ದಳು.

"ಸೊಸೆ ಮೇಲಿನ ಸಿಟ್ಟು. ಮೂತಿ ಸೊಟ್ಟ ಮಾಡ್ಕೊಂಡಿದ್ದಾರೆ" ಎಂದು ಮಗ ಅವನ ಕಿವಿಯಲ್ಲಿ ಕೂಗಿದ. "ಮಾತಾಡಿಸೋಕೆ ಹೋಗ್ಬೇಡಿ. ಮಧ್ಯಾಹ್ನದೊಳಗೆ ತಾನೇ ನೆಟ್ಟಗಾಗುತ್ತೆ."

"ನಮ್ಮನೇಲಿ ವಾರಗಟ್ಟಲೆ ನೆಟ್ಟಗಾಗಲ್ಲ ಮಾರಾಯ" ಎಂದು ಬೇಕರಿಯವನು ನಕ್ಕ.

ಹಿತ್ತಲಲ್ಲಿ ಜರಡಿ ತೊಳೆಯುತ್ತಿದ್ದ ಸೊಸೆ, ಇವರು ಬಗ್ಗಿ ಬಗ್ಗಿ ನೋಡಿ ನಗುವುದನ್ನು ಕಂಡು ಒಳಗೆ ಬಂದಳು. ಅತ್ತೆಯ ಸಿಟ್ಟು ಹೇಗಿರುತ್ತದೆಂದು ಅವಳಷ್ಟು ಬಲ್ಲವರು ಬೇರೆ ಯಾರೂ ಇರಲಿಲ್ಲ. ಸಿಟ್ಟು ಬಂದರೆ ಆ ಬಾಯಿ ಸೊಟ್ಟಗಾಗುವುದಿಲ್ಲ, ತೆರೆದುಕೊಳ್ಳುತ್ತದೆ. ಈಗ ಎಡಗೆನ್ನೆ ಎಂದಿನಂತೆ ಬಿಗಿದುಕೊಂಡಿತ್ತು. ಬಲಗೆನ್ನೆ ಹಿಂಡಿ ಹಾಕಿದ ಬಟ್ಟೆಯ ಹಾಗೆ ಜೋತುಬಿದ್ದಿತ್ತು.

ಅವಳು ಸ್ವಿಚ್ಚು ಎಳೆದಳು. ಕಲ್ಲುಗಳು ಗೊಣಗುತ್ತಾ ನಿಂತವು.

"ಅತ್ತೆ, ನನ್ನ ಬಯ್ಯಿರಿ."

ಮುದುಕಿ ಎಡಗೈಯಿಂದ ಸ್ವಿಚ್ಚಿನ ಕಡೆ ತೋರಿಸಿದಳು.

"ಬಾಯಿಗೆ ಬಂದಿದ್ದು ಬಯ್ಯಿರಿ. ನಾನೇ ಕೇಳ್ತಿದ್ದೀನಲ್ಲ."

ಗಿರಣಿಯಮ್ಮನ ಬಾಯಿಂದ ಮುದ್ದೆಮುದ್ದೆಯಾಗಿ ಏನೋ ಸದ್ದು ಹೊರಟಿತು, ಮಾತಾಗಲಿಲ್ಲ. ಸೊಸೆ ಅವಳ ಎರಡೂ ಕೈಗಳನ್ನು ಎತ್ತಿ ಹಿಡಿದು ಬಿಟ್ಟಳು. ಎಡಗೈ ನಿಂತಿತು, ಬಲಗೈ ಮಡಿಲಿಗೆ ಬಿತ್ತು. ಗಂಡನ ಜೇಬಿನಿಂದ ತಾನೇ ಫೋನು ಕಿತ್ತುಕೊಂಡು ಆಂಬುಲೆನ್ಸಿಗೆ ಕರೆ ಮಾಡಿದಳು.

ಪಕ್ಕದ ಮನೆಯ ದೊಡ್ಡಪ್ಪ ಲೋಟದಲ್ಲಿ ಬಿಸಿನೀರು ಹಿಡಿದುಕೊಂಡೇ ಬಂದ.

"ವಾಯು ಕಣಮ್ಮ, ಬೇರೇನಿಲ್ಲ. ಇದನ್ನ ಕುಡಿಸಿ ಮಲಗಿಸು. ಒಂದು ನಿದ್ದೆ ತೆಗೆದ್ರೆ ಎದ್ದು ಕೂರ್ತಾಳೆ."

ಸೊಸೆ ಲೋಟ ಇಸಿದುಕೊಂಡು ನೀರನ್ನು ಅಂಗಳಕ್ಕೆ ಚೆಲ್ಲಿದಳು. "ಏನೂ ಕುಡಿಸಬಾರದಂತೆ, ಗಂಟಲಿಗೆ ಸಿಕ್ಕಿಕೊಳ್ಳುತ್ತಂತೆ. ಫೋನಲ್ಲಿ ಹೇಳಿದ್ರು."

"ಈ ಮನೇಲಿ ದೊಡ್ಡೋರು ಅಂತ ಯಾರಾದ್ರೂ ಇದ್ದಾರೋ ಇಲ್ವೋ?"

"ಇವತ್ತು ಯಾರೂ ಇಲ್ಲ, ದೊಡ್ಡಮಾವ. ತಲೆ ಹಿಡ್ಕೊಳ್ಳಿ, ಒಂದು ಮಗ್ಗುಲಿಗೆ ಮಲಗಿಸೋಣ."

ದೊಡ್ಡಪ್ಪ ಗೊಣಗುತ್ತಲೇ ತಲೆ ಹಿಡಿದುಕೊಂಡ.

ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಟಾರ್ಚು ಬಿಟ್ಟು ಕಣ್ಣು ನೋಡುತ್ತಲೇ ಕೇಳಿದರು, "ಕೊನೆಯ ಸಲ ಚೆನ್ನಾಗಿ ಮಾತಾಡಿದ್ದು ಯಾವಾಗ?"

"ನಿನ್ನೆ ಸಂಜೆ" ಎಂದ ಮಗ. "ಆಮೇಲೆ ಬಾಯೇ ಬಿಟ್ಟಿಲ್ಲ."

ಡಾಕ್ಟರಮ್ಮನ ಕೈ ನಿಂತಿತು. "ಹಾಗಿದ್ರೆ ಕಷ್ಟ. ಇದು ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ ಹಾಗೆ ಕಾಣುತ್ತೆ. ಕರಗಿಸೋಕೆ ಇಂಜೆಕ್ಷನ್ ಇದೆ, ಆದ್ರೆ ಶುರುವಾದ ಕೆಲವೇ ಗಂಟೆಯೊಳಗೆ ಕೊಡಬೇಕು. ನಿನ್ನೆಯಿಂದ ಅಂದ್ರೆ ಕೊಡೋ ಹಾಗಿಲ್ಲ. ತಲೆಯೊಳಗೆ ರಕ್ತ ಸೋರಬಹುದು."

"ನಿನ್ನೆಯಿಂದ ಅಲ್ಲ" ಎಂದಳು ಸೊಸೆ. "ಇವತ್ತು ಬೆಳಿಗ್ಗೆ ಮಾತಾಡಿದ್ದಾರೆ. ನನ್ನ ಜೊತೆ."

ಗಂಡ ಅವಳ ಕಡೆ ತಿರುಗಿದ. "ನೀವಿಬ್ರೂ ಮಾತು ಬಿಟ್ಟಿದ್ರಲ್ಲ."

"ನಿಮ್ಮೆದುರಿಗೆ ಬಿಟ್ಟಿದ್ವಿ."

"ಇವಳ ಮಾತು ಕಟ್ಕೋಬೇಡಿ ಡಾಕ್ಟ್ರೇ" ಎಂದ ದೊಡ್ಡಪ್ಪ. "ಮನೆಯವರು ಹೇಳ್ತಿದ್ದಾರಲ್ಲ."

"ನಾನೂ ಆ ಮನೆಯವಳೇ" ಎಂದಳು ಸೊಸೆ.

ಡಾಕ್ಟರಮ್ಮ ಅವಳನ್ನೇ ನೋಡಿದರು. "ಮಾತು ಸ್ಪಷ್ಟವಾಗಿತ್ತಾ? ಏನಂದ್ರು, ಹಾಗೇ ಹೇಳಿ."

ಸೊಸೆ ಗಂಡನನ್ನು ನೋಡಿದಳು, ದೊಡ್ಡಪ್ಪನನ್ನು ನೋಡಿದಳು, ನರ್ಸನ್ನು ನೋಡಿದಳು. ಕತ್ತು ನೆಟ್ಟಗೆ ಮಾಡಿಕೊಂಡಳು.

"'ಗಿರಣಿ ಕಲ್ಲು ಸವೆದ್ರೆ ಉಳಿ ಹಾಕಿ ಕುಟ್ಟಿಸಬಹುದು, ನಿನ್ನ ತಲೆಗೆ ಯಾವ ಉಳಿ ತರಲಿ. ನಿಮ್ಮಪ್ಪ ಒಳ್ಳೇ ಮಾಲೆಲ್ಲ ತಾನಿಟ್ಕೊಂಡು ನುಚ್ಚನ್ನ ನಮಗೆ ತೂಗಿ ಕೊಟ್ಟ' ಅಂದ್ರು. ಒಂದಕ್ಷರ ತೊದಲಲಿಲ್ಲ. ನಡುವೆ ಉಸಿರು ಕೂಡ ತಗೊಳ್ಳಲಿಲ್ಲ."

ನರ್ಸು ಗೋಡೆಯ ಕಡೆ ಮುಖ ಮಾಡಿದಳು. ಡಾಕ್ಟರಮ್ಮ ನಗಲಿಲ್ಲ.

"ಆಗ ಹೊತ್ತೆಷ್ಟು?"

"ಆಗಷ್ಟೇ ಕರೆಂಟು ಬಂದಿತ್ತು. ನಮ್ಮ ಕಡೆ ಬರೋದೇ ಎಂಟಕ್ಕೆ. ಬಲಗೈಯಲ್ಲೇ ಬೆಲ್ಟು ಏರಿಸಿದ್ರು, ಏರಿಸ್ತಾನೇ ಬೈದ್ರು."

"ನೀವೇನಂದ್ರಿ?"

"ಅದೂ ಬೇಕಾ?"

"ಬೇಡ" ಎಂದು ಡಾಕ್ಟರಮ್ಮ ಗೋಡೆ ಗಡಿಯಾರ ನೋಡಿದರು. "ಹೊತ್ತು ಮೀರಿಲ್ಲ. ಮೊದಲು ತಲೆ ಸ್ಕ್ಯಾನ್ ಆಗಲಿ, ನಡೀರಿ."

ಸ್ಕ್ಯಾನಿನಲ್ಲಿ ರಕ್ತ ಸೋರಿರಲಿಲ್ಲ. ಇಂಜೆಕ್ಷನ್ ಕೊಟ್ಟರು. ಕೈ ಎಷ್ಟು ಬರುತ್ತದೋ ಮಾತು ಎಷ್ಟು ಬರುತ್ತದೋ ಈಗಲೇ ಹೇಳಲಾಗದು, ಆದರೆ ಬಂದದ್ದು ಒಳ್ಳೆಯ ಹೊತ್ತಿಗೆ ಎಂದರು. ಮಗ ಹಿಟ್ಟು ಮೆತ್ತಿದ ಅಂಗಿಯಲ್ಲೇ ಗೋಡೆಗೊರಗಿ ನಿಂತ.

ಸಂಜೆ ನರ್ಸು ಬಂದು, "ಇಲ್ಲಿ ಒಬ್ಬರು ಮಾತ್ರ ಇರಬೇಕು. ಅಮ್ಮನಿಗೆ ಯಾರ ಜೊತೆ ಚೆನ್ನಾಗಿ ಹೊಂದಿಕೆ?" ಎಂದು ಕೇಳಿದಳು.

ದೊಡ್ಡಪ್ಪ ಮಗನ ಬೆನ್ನಿಗೆ ಕೈಹಾಕಿ ಮುಂದಕ್ಕೆ ನೂಕಿದ. ಅಷ್ಟರಲ್ಲಿ ಸೊಸೆ ಮೂಲೆಯಲ್ಲಿದ್ದ ಕುರ್ಚಿಯನ್ನು ಮಂಚದ ಹತ್ತಿರಕ್ಕೆ ಎಳೆದಾಗಿತ್ತು.

"ಯಾರ ಜೊತೆಗೂ ಇಲ್ಲ" ಎಂದಳು. "ನಾನಿರ್ತೀನಿ."

ಕುರ್ಚಿಯ ಸದ್ದಿಗೆ ಗಿರಣಿಯಮ್ಮ ಕಣ್ಣು ಬಿಟ್ಟಳು. ಪಕ್ಕದಲ್ಲಿ ಕೂತವಳು ಯಾರೆಂದು ಗುರುತು ಹಿಡಿದು, ಎಡಗೈ ಎತ್ತಿ, ಆಚೆ ಹೋಗು ಎಂಬಂತೆ ಬೀಸಿದಳು.

ಸೊಸೆ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು.